ಹೊಳೆಯೇ ತವರು

ಕುಶಾಲನಗರದಿಂದ ಎರಡು ಹರದಾರಿ ಮೇಲೆ ಕಾವೇರಿಯ ಕವಲುಗಳ ನಡುವೆ ಹುಣಸೆಗಡ್ಡೆ. ಚಲುವಮ್ಮನ ಮಾವನ ಕಾಲದಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಬಂದು ಅಲ್ಲಿ ನೆಲೆನಿಂತದ್ದು ಏಳೆಂಟು ಒಕ್ಕಲು. ಆ ಒಕ್ಕಲುಗಳಿಗೆ ಸಾವಿರ ವರ್ಷದ ಇತಿಹಾಸ ದಯಪಾಲಿಸಿದವರು ಶಿವಶಂಕರಪ್ಪ ಮೇಷ್ಟ್ರು. ನೀರೆಂದರೆ ಅವರಿಗೆ ತಲೆಸುತ್ತು. ದಡದ ಕಾಫಿ ಹೋಟೆಲಿನಲ್ಲೇ ಕೂತು, ಮೊಸರು ಮಾರಲು ಬರುತ್ತಿದ್ದ ಚಲುವಮ್ಮನನ್ನು ಕೇಳಿ ಕೇಳಿ ಪುಸ್ತಕ ಬರೆದು ಮುಗಿಸಿದರು. ಹೊಳೆ ದಾಟದೆಯೇ ಅವರಿಗೆ ಎಲ್ಲವೂ ಹೊಳೆದುಬಿಟ್ಟಿತ್ತು.

ಕೊಡಗು ಆಗ ಇಬ್ಬರೇ ಮಂತ್ರಿಗಳ ಪುಟ್ಟ ರಾಜ್ಯ. ಮಡಿಕೇರಿಯ ಸಾಹೇಬರೊಬ್ಬರು ಪುಸ್ತಕ ಓದಿ ಮೆಚ್ಚಿ, ನಡುಗಡ್ಡೆ ನೋಡಲು ಹೊರಟರು.

“ಪುಸ್ತಕದಲ್ಲಿರೋ ಹಾಗೇ ಇರಿ ಚಲುವಮ್ಮ. ಮೆಚ್ಚಿದ್ರೆ ಸರ್ಕಾರದ ದೊಡ್ಡ ದೋಣಿ ಕೇಳೋಣ,” ಎಂದರು ಮೇಷ್ಟ್ರು ಹೋಟೆಲಿನಲ್ಲಿ.

“ಪುಸ್ತಕದಾಗೆ ನಾವು ಹೆಂಗಿದೀವಿ ಬುದ್ದಿ?”

“ನಿಮ್ಮ ಬಸುರಿಯರು ಹೊಳೆ ದಾಟೋದಿಲ್ಲ. ಕಾವೇರಿನೇ ಅವರ ತವರು. ಮಡಿಲು ತುಂಬಿಸ್ಕೊಂಡು ಅವಳಿಗೆ ಕೈ ಮುಗೀತಾರೆ.”

ಬಾಣಂತನಕ್ಕೆ ಬಂದಿದ್ದ ಚಲುವಮ್ಮನ ಮಗಳು ರಾಮಮ್ಮ ಹಿಂದಿನ ಆಷಾಢದಲ್ಲಿ, ತುಂಬಿದ ಹೊಳೆಗೆ ಹರಿಗೋಲು ಇಳಿಸಲಾಗದೆ, ಆಸ್ಪತ್ರೆ ಕಾಣದೆ ಸತ್ತಿದ್ದಳು. ‘ತವರಿಗೆ ಬಂದೋಳ್ನ ಹೊಳೆನೇ ಕರ್ಕೊಂಬುಡ್ತು’ ಎಂದು ಚಲುವಮ್ಮ ಇದೇ ಬೆಂಚಿನ ಮುಂದೆ ಅತ್ತಾಗ ಮೇಷ್ಟ್ರು ಬರೆದುಕೊಂಡಿದ್ದರು. ಈಗ ಸೊಸೆ ಮುದ್ದಿ ಬಸುರಿ. ಅವಳೋ ತಬ್ಬಲಿ, ಹೋಗಲು ತವರಿಲ್ಲ. ದೋಣಿಯ ಆಸೆಗೆ ಚಲುವಮ್ಮ ಎಲ್ಲವನ್ನೂ ನುಂಗಿಕೊಂಡಳು.

ಹೊಳೆ ಇನ್ನೂ ಮೈದುಂಬಿರಲಿಲ್ಲ. ಸಾಹೇಬರು ಹರಿಗೋಲಿನಲ್ಲಿ ಬಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಬಂದರು. ಮುದ್ದಿಯ ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬಿ ನೀರಂಚಿಗೆ ನಿಲ್ಲಿಸಿದ್ದಾಯಿತು. ಚಲುವಮ್ಮನ ಮಗ ಪುಟ್ಟಸ್ವಾಮಿ ಯಾರ ದನಿಯನ್ನಾದರೂ ಕದಿಯುವ ಆಸಾಮಿ. ಮೇಷ್ಟ್ರ ಮೂಗಿನ ದನಿಯಲ್ಲೇ ಇಲ್ಲದ ಮಂತ್ರವೊಂದನ್ನು ಎಳೆದ. ಹೆಂಗಸರು ಸೆರಗು ಕಚ್ಚಿ ನಗು ತಡೆದರು.

“ಎಂಥ ಪ್ರಾಚೀನ ಸ್ವರ!” ಎಂದು ಮೇಷ್ಟ್ರು ತಲೆದೂಗಿದರು.

ಸಾಹೇಬರ ಕಣ್ಣು ಒದ್ದೆಯಾಯಿತು. ಇದೇ ಸಮಯವೆಂದು ಚಲುವಮ್ಮ ಕೈ ಮುಗಿದಳು.

“ಒಂದು ದೊಡ್ಡ ದೋಣಿ ಕೊಡ್ಸಿ ಬುದ್ದಿ. ಆಷಾಡಕ್ಕೆ ಇವಳಿಗೆ ದಿನ ತುಂಬ್ತದೆ. ಆಸ್ಪತ್ರೆಗೆ ಒಯ್ಬೇಕು.”

“ನಿಮ್ಮ ಬಸುರಿಯರು ಹೊಳೆ ದಾಟೋದಿಲ್ವಲ್ಲಮ್ಮ? ಇಂಥ ಪದ್ಧತೀನ ನಾನು ಕೆಡಿಸ್ಲಾ?”

“ಅಯ್ಯೋ, ಅದು ಆಟ ಬುದ್ದಿ! ಇವ್ರೇ ಹೇಳ್ಕೊಟ್ಟಿದ್ದು.”

ಮೇಷ್ಟ್ರ ಮುಖ ಕೆಂಪಾಯಿತು, ಆದರೂ ನಕ್ಕರು. “ನಾನು ಬರ್ದಿಲ್ವೇ ಸಾರ್? ಹೊರಗಿನವರ ಮುಂದೆ ತಮ್ಮ ಆಚಾರಾನ ಇವರು ಒಪ್ಪೋದೇ ಇಲ್ಲ ಅಂತ!”

ಸಾಹೇಬರು ಹೌದೆಂದು ತಲೆಯಾಡಿಸಿದರು.

“ದೋಣಿ ಇಲ್ದೆ ನನ್ನ ಮಗಳು ಸತ್ಲು ಬುದ್ದಿ. ಅದು ಪುಸ್ತಕದಾಗೈತಾ?”

“ಇದೆಯಮ್ಮ,” ಸಾಹೇಬರು ಪುಟ ಬಿಡಿಸಿ ಮೆಲ್ಲಗೆ ಓದಿದರು. “‘ಬಸುರಿ ಮಗಳನ್ನು ಹೊಳೆತಾಯಿ ತವರಿಗೆ ಕರೆಸಿಕೊಂಡಳು.’ ಇದನ್ನ ಓದಿಯೇ ನಾನು ಬಂದಿದ್ದು.”

ಚಲುವಮ್ಮ ಮುದ್ದಿಯ ರಟ್ಟೆ ಹಿಡಿದು ಹರಿಗೋಲಿಗೆ ಹತ್ತಿಸಿ ತಾನೂ ಹತ್ತಿದಳು.

“ಎಲ್ಲಿಗತ್ತೆ?”

“ಆಸ್ಪತ್ರೆ ತಾವ ಯಾರ್ದಾದ್ರೂ ಜಗುಲಿ ಸಿಕ್ತದೆ. ಹೆರೋ ಗಂಟ ಅಲ್ಲೇ ಬಿದ್ದಿರಾನ. ಪುಟ್ಟಸ್ವಾಮಿ, ಹುಟ್ಟು ಹಿಡೀಲಾ!”

“ಬೇಡ ಚಲುವಮ್ಮ,” ಮೇಷ್ಟ್ರು ಪಿಸುಗುಟ್ಟಿದರು. “ಪುಸ್ತಕ ಸುಳ್ಳಾಗ್ತದೆ.”

ಹರಿಗೋಲು ದಡ ಬಿಟ್ಟಿತು. “ನೋಡಿದ್ರಾ ಮೇಷ್ಟ್ರೇ, ಕಣ್ಣೆದುರೇ ಒಂದು ಪದ್ಧತಿ ಸತ್ತುಹೋಯ್ತು,” ಎಂದು ಸಾಹೇಬರು ನಿಟ್ಟುಸಿರಿಟ್ಟರು. ಇಡೀ ಹುಣಸೆಗಡ್ಡೆಗೆ ಇದ್ದದ್ದು ಅದೊಂದೇ ಹರಿಗೋಲು ಎಂಬುದು ಅವರಿಗೆ ತಿಳಿದದ್ದು ಆಮೇಲೆ.

“ಏಯ್! ನಾವು ಹೇಗೆ ದಾಟೋದು?”

“ದೊಡ್ಡ ದೋಣಿ ಬರ್ಲಿ ಬುದ್ದಿ!” ಚಲುವಮ್ಮ ನಡುಹೊಳೆಯಿಂದ ಕೂಗಿದಳು.

ಪುಟ್ಟಸ್ವಾಮಿ ನಕ್ಕ. ಅವಳು ನಗಲಿಲ್ಲ. ದಿನ ತುಂಬುತ್ತಿರುವ ಬಸುರಿಗೆ ಜಗುಲಿ ಕೊಡುವವರು ಯಾರೆಂದು ಆಚೆ ದಡವನ್ನೇ ನೋಡುತ್ತಿದ್ದಳು.