ವೀರಗಲ್ಲಿನ ಕೆಳಗಿನ ಪಟ್ಟಿ

ಪದ್ಮನಾಭ ಮೇಷ್ಟ್ರ ಪುಸ್ತಕ ನಾಳೆ ಅಚ್ಚಿಗೆ ಹೋಗಬೇಕು. ಗಂಗರ ಕಾಲದ ವೀರಗಲ್ಲುಗಳ ಮೇಲೆ ಬರೆದದ್ದು. ಈ ಸೀಮೆಯ ಕಲ್ಲುಗಳೆಲ್ಲ ಊರ ದನ ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಾಡಿ ಸತ್ತವರವು ಎಂಬುದು ಅವರ ವಾದ. ಮುಖಪುಟಕ್ಕೆ ದೀಪಾಂಜಲಿ ನಗರದ ಗಲ್ಲಿಯೊಂದರ ಕಲ್ಲು. ಇಂಥ ದಿನ ಮನುಷ್ಯ ತೆಪ್ಪಗೆ ಮನೆಯಲ್ಲಿ ಕೂರಬೇಕೋ ಬೇಡವೋ? ಆ ಗಲ್ಲಿಯಲ್ಲಿ ನೀರಿನ ಪೈಪಿಗೆ ಗುಂಡಿ ತೋಡುತ್ತಿದ್ದಾರೆಂದು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು.

“ಎಲ್ಲಿಗ್ರೀ?” ಎಂದರು ಹೆಂಡತಿ ಅನಂತಲಕ್ಷ್ಮಿ.

“ಕಲ್ಲಿನ ಬುಡ ನೋಡ್ಕೊಂಡು ಬರ್ತೀನಿ ಕಣೇ.”

“ಅಲ್ಲಿ ಬೇರೆ ಏನಾದ್ರೂ ಇದ್ರೆ? ಇರಲಾರದೆ ಇರುವೆ ಬಿಟ್ಕೊಂಡ್ರಂತೆ!”

ಆಕೆಯ ಭಯ ಸುಳ್ಳಲ್ಲ. ಇಂಥ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಪಟ್ಟಿಯಲ್ಲಿ ವೀರ ಸತ್ತ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಸ್ವರ್ಗ. ಡಾಂಬರಿನ ಮೇಲೆ ಡಾಂಬರು ಬಿದ್ದು ಈ ಕಲ್ಲಿನ ಕೆಳಪಟ್ಟಿ ಎಂದೋ ಹೂತುಹೋಗಿತ್ತು. ಅವನು ಸ್ವರ್ಗಕ್ಕೆ ಹೋದದ್ದು ಕಾಣುತ್ತಿತ್ತು, ಯಾಕೆ ಹೋದನೆಂಬುದು ಕಾಣುತ್ತಿರಲಿಲ್ಲ. ಇದೂ ದನದ ಕಾಳಗವೇ ಇರಬೇಕೆಂದು ಊಹಿಸಿದ ಮೇಷ್ಟ್ರು, ಆ ಊಹೆಯ ಮೇಲೆ ಒಂದು ಇಡೀ ಅಧ್ಯಾಯ ಕಟ್ಟಿಬಿಟ್ಟಿದ್ದರು.

ಹೋಗಿ ನೋಡಿದರೆ ಕಲ್ಲಿನ ಮಗ್ಗುಲಲ್ಲೇ ಗುಂಡಿ. ದಿನವೂ ಕಲ್ಲಿಗೆ ಹೂವಿಡುವ ಎದುರುಮನೆಯ ಜಗದಾಂಬಾ ಆತಂಕದಿಂದ ನಿಂತಿದ್ದರು.

“ಹುಷಾರು ಸಾರ್, ನಮ್ಮಪ್ಪಂಗೆ ಏಟು ಬೀಳದೇ ಇರ್ಲಿ. ನಮ್ಮ ಬೀದೀಲಿ ಯಾರಿಗೇ ಮಗು ಹುಟ್ಲಿ, ಮೊದಲು ಇವನ ಮುಂದೇನೇ ಮಲಗಿಸೋದು.”

ಅದು ಮೇಷ್ಟ್ರಿಗೆ ಗೊತ್ತಿತ್ತು. ಪುಸ್ತಕದಲ್ಲಿ ಆ ಪದ್ಧತಿಯನ್ನು ಅಡಿಟಿಪ್ಪಣಿಗೆ ತಳ್ಳಿ, ‘ಈಚಿನ ಆಚರಣೆ, ಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ’ ಎಂದು ಷರಾ ಬರೆದಿದ್ದರು.

ಪಂಚೆ ಎತ್ತಿ ಕಟ್ಟಿ ಗುಂಡಿಗಿಳಿದರು. ನೀರು ಹುಯ್ದು ತೆಂಗಿನ ನಾರಿನಿಂದ ಉಜ್ಜಿದರು. ದೇವರೇ, ಒಂದು ದನದ ಕೊಂಬಾದರೂ ಇರಲಪ್ಪಾ! ಮೊದಲು ಕಂಡದ್ದು ಬಾಲ. ಮೇಷ್ಟ್ರು ಹಿಗ್ಗಿಹೋದರು. ಇನ್ನಷ್ಟು ಉಜ್ಜಿದರೆ ಪಂಜ, ಆಮೇಲೆ ಕೋರೆಹಲ್ಲು. ಹುಲಿ! ಅದರ ಬಾಯಿಗೆ ಎಡಗೈ ಕೊಟ್ಟು, ಬಲಗೈಯಲ್ಲಿ ಬಾಕು ಹಿಡಿದ ಗಂಡಸು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. ಅವನ ಕಾಲನ್ನು ಒಂದು ಪುಟ್ಟ ಕೂಸು ತಬ್ಬಿಕೊಂಡಿತ್ತು.

“ಏನಿದೆ ಸಾರ್?”

“ಮಗು ಇದೆ ಕಣಮ್ಮಾ.”

ಜಗದಾಂಬಾ ಕೆನ್ನೆಗೆ ಕೈಯಿಟ್ಟುಕೊಂಡರು. “ಅಯ್ಯೋ ನನ್ನಪ್ಪಾ! ನಂಗೇನು ಗೊತ್ತು ಸಾರ್? ನಮ್ಮತ್ತೆ ಮಲಗಿಸ್ತಿದ್ರು, ನಾನೂ ಮಲಗಿಸ್ದೆ.”

ಸಂಜೆ ಕೆಸರು ಮೆತ್ತಿಕೊಂಡು ಬಂದ ಗಂಡನನ್ನು ನೋಡಿಯೇ ಅನಂತಲಕ್ಷ್ಮಿಗೆ ಅರ್ಥವಾಯಿತು. “ಪುಸ್ತಕ?”

“ನಿಲ್ಸಿ ಅಂತ ಪ್ರೆಸ್ಸಿಗೆ ಫೋನ್ ಮಾಡ್ದೆ. ಅಧ್ಯಾಯ ಮುಳುಗ್ತು ಕಣೇ.” ಮೇಷ್ಟ್ರಿಗೆ ಹೊಟ್ಟೆ ಉರಿದದ್ದು ನಿಜ, ಆದರೂ ಮುಖದ ನಗು ಮಾತ್ರ ಅಡಗಲೊಲ್ಲದು. “ಅಡಿಟಿಪ್ಪಣಿಯಿಂದ ಮತ್ತೆ ಶುರು ಮಾಡ್ಬೇಕು. ಅವನು ಕಾಪಾಡಿದ್ದು ಒಂದೇ ಮಗೂನ. ಬೀದಿಯವರು ಇವತ್ತಿಗೂ ತಮ್ಮ ಮಕ್ಕಳನ್ನ ಅವನ ಕೈಗೆ ಒಪ್ಪಿಸ್ತಾನೇ ಇದಾರೆ.”