ಹಾಲೇಶಿ ಓಡಿಸಿದ ಗಾಡಿ

ಹರಿಹರದ ಬೈಕ್ ರೇಸಿನಲ್ಲಿ ಮಾಲೀಕನ ಗಾಡಿ ಓಡಿಸುತ್ತ ಬಿದ್ದು ಕಾಲು ಮುರಿದುಕೊಂಡ ಕಾರ್ಮಿಕ ಹಾಲೇಶಿಯನ್ನು ಮಿಲ್ಲಿನ ಮಾಲೀಕ ವಾಮದೇವಪ್ಪ ಕೆಲಸದಿಂದ ತೆಗೆದುಹಾಕಿದ. ಕುಡಿದು ಓಡಿಸಿ ಗಾಡಿ ಬೀಳಿಸಿದನೆಂಬುದು ಕೊಟ್ಟ ಕಾರಣ.

ಮಾಲೀಕನ ಆ ಒಂಟಿ ಸಿಲಿಂಡರಿನ ಬೈಕು ಈಗ ದಾವಣಗೆರೆಯಲ್ಲಿ, ಕುತುಬುದ್ದೀನನ ಗ್ಯಾರೇಜಿನಲ್ಲಿತ್ತು. ರೇಸಿಗೆಂದು ಹೊಸ ಪಿಸ್ಟನ್ ಹಾಕಿ ಅದನ್ನು ಹದ ಮಾಡಿದವನೂ ಅವನೇ. ಅಂಥ ಗಾಡಿಯನ್ನು ರೇಸಿಗೆ ಬಿಡುವ ಮುನ್ನ ಐನೂರು ಮೈಲಿ ಮೆಲ್ಲಗೆ ಓಡಿಸಬೇಕು. ಬಾಯಿಮಾತಿಗೆ ಯಾರೂ ಕೇಳುವುದಿಲ್ಲವೆಂದು ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ತಿರುಗದಂತೆ ತಂತಿ ಬಿಗಿದು ಕೊಡುವುದು ಅವನ ರೂಢಿ. ಐನೂರು ಮೈಲಿ ಇನ್ನೂ ಮುಗಿದಿರಲಿಲ್ಲ, ಆದರೂ ಈಗ ಆ ತಂತಿ ಇರಲಿಲ್ಲ.

ಎಂಜಿನ್ ಬಿಚ್ಚಿದ. ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡ ಗೀರುಗಳು ಎದ್ದು ಕಾಣುತ್ತಿದ್ದವು. ಹಾಗೆ ಪಿಸ್ಟನ್ ಕಚ್ಚಿ, ಓಡುತ್ತಿರುವಾಗಲೇ ಹಿಂದಿನ ಚಕ್ರ ಬಿಗಿದು ನಿಂತರೆ ಎಂಥ ಸವಾರನೂ ಬೀಳುತ್ತಾನೆ.

“ತಂತಿ ಯಾರು ತೆಗೆದ್ರು ಸಾವ್ಕಾರ್ರೆ?” ಗ್ಯಾರೇಜಿಗೆ ಬಂದಿದ್ದ ವಾಮದೇವಪ್ಪನನ್ನು ಕೇಳಿದ.

“ನಾನೇ ತೆಗೆಸ್ದೆ. ರೇಸಿಗೆ ಹೋಗ್ತಾರೋ, ಮದುವಿ ಮೆರವಣಿಗೆಗೆ ಹೋಗ್ತಾರೋ?” ವಾಮದೇವಪ್ಪ ನಕ್ಕ. “ನಾಳೆ ಹಾಲೇಶಿ ಪರವಾಗಿ ಯೂನಿಯನ್‌ನೋರು ಗಾಡಿ ನೋಡಾಕ ಬರ್ತಾರೆ ಸಾಬ್ರೆ. ಅಷ್ಟೊತ್ತಿಗೆ ಸಿಲಿಂಡರಿನ ಗೀರು ಹೋಗೋ ಹಂಗ ಹೊಸ ಬೋರ್ ಹೊಡೆಸಿ, ಬ್ಯಾರೆ ಪಿಸ್ಟನ್ ಹಾಕ್ರಿ. ಎಂಜಿನ್ನಿಗೆ ಏನೂ ಆಗಿರಲಿಲ್ಲ ಅನ್ರಿ.”

“ಹಾಲೇಶಿ ಕೆಲಸದ ಗತಿ?”

“ಅವನ ಚಿಂತಿ ನಿಮಗ್ಯಾಕ? ಮಿಲ್ಲಿನ ಲಾರಿ, ಜೀಪು ಎಲ್ಲಾ ರಿಪೇರಿಗೆ ಇಲ್ಲೇ ಬರ್ತಾವೆ, ನೆನಪೈತಾ?”

ಕುತುಬುದ್ದೀನ್ ಕೈ ಒರೆಸಿಕೊಂಡ. ಗೀರು ಬಿದ್ದ ಪಿಸ್ಟನ್ ಎತ್ತಿ, ಬಂದವರಿಗೆಲ್ಲ ಕಾಣುವಂತೆ ಬಾಗಿಲ ಬಳಿಯ ಬೆಂಚಿನ ಮೇಲಿಟ್ಟ.

“ಬ್ಯಾರೆ ಕಡೆ ಒಯ್ಯಿರಿ ನಿಮ್ಮ ಲಾರಿ. ನಾಳೆ ಅವ್ರು ಬಂದು ನೋಡೋ ತನಕ ಈ ಎಂಜಿನ್ ನಾನು ಜೋಡ್ಸಲ್ಲ.”