ಅಂಕಮ್ಮನ ಕೊನೆಯ ಸ್ನಾನ

ಗಂಗಲಕ್ಷ್ಮಮ್ಮ ಹೆಣಕ್ಕೆ ಸುತ್ತಿದ್ದ ಬಿಳಿ ಬಟ್ಟೆಯ ಗಂಟಿಗೆ ಕೈ ಹಾಕಿದ್ದೇ ತಡ, ಮುನಿರತ್ನಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಚ್ಬ್ಯಾಡಿ ಅಕ್ಕ. ಮೈ ತೊಳ್ದೇ ಕಳಿಸವ್ರೆ. ಬಿಚ್ಚಿದ್ರೆ ಇನ್‌ಫೆಕ್ಷನ್ ಆಯ್ತದೆ ಅಂತ ಡಾಕ್ಟ್ರು ಹೇಳವ್ರೆ."

ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಹೇಳಿದವನು ಮಾಗಡಿ ರಸ್ತೆಯ ವೃದ್ಧಾಶ್ರಮದ ಮ್ಯಾನೇಜರ್ ಕೃಷ್ಣಪ್ಪ. ಬೆಳಿಗ್ಗೆ ಅಂಕಮ್ಮನ ಹೆಣವನ್ನು ವ್ಯಾನಿಗೆ ಏರಿಸುವಾಗ ಆಯಾ ಮುನಿರತ್ನಮ್ಮನನ್ನು ಪಕ್ಕಕ್ಕೆ ಕರೆದು, "ನೀನೂ ಬೈರಮಂಗಲಕ್ಕೆ ಹೋಗು. ಮಣ್ಣಾಗೋವರ್ಗೂ ಪಕ್ಕದಲ್ಲೇ ಇರು. ಯಾರಾದ್ರೂ ಬಟ್ಟೆ ಬಿಚ್ಚಿದ್ರೆ ಮೊದ್ಲು ಸಿಕ್ಕಾಕ್ಕೊಳ್ಳೋದು ನೀನೇ" ಎಂದು ಕಿವಿಯಲ್ಲಿ ಊದಿದ್ದ. ಅವನ ದನಿ ಎಷ್ಟು ಮೆತ್ತಗಿತ್ತೆಂದರೆ, ನೋಡಿದವರು ಸಮಾಧಾನ ಹೇಳುತ್ತಿದ್ದಾನೆ ಅಂದುಕೊಳ್ಳಬೇಕು.

"ಅವ್ರು ತೊಳ್ದಿದ್ರೆ ತೊಳ್ದಿರ್ಲಿ ಕಣವ್ವ," ಗಂಗಲಕ್ಷ್ಮಮ್ಮ ಕೈ ಬಿಡಿಸಿಕೊಂಡಳು. "ಹೆತ್ತ ಮಗಳು ಒಂದು ಚೊಂಬು ನೀರು ಹುಯ್ಯದೆ ನಮ್ಮವ್ವನ್ನ ಹೆಂಗೆ ಕಳಿಸ್ಲಿ? ಹಂಡೆ ಇಡ್ಸಿದೀನಿ, ಕಾಯ್ಲಿ."

ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಕೂತಿತ್ತು. ಗಂಡಸರೆಲ್ಲ ಹೊಲದ ಬದುವಿನಲ್ಲಿ ಗುಂಡಿ ತೋಡಿಸಲು ಹೋಗಿದ್ದರು. ನೀರು ಕಾಯುವಷ್ಟು ಹೊತ್ತು ಮಾತ್ರ ಗುಟ್ಟು ಗುಟ್ಟಾಗಿ ಉಳಿಯುತ್ತದೆ ಎಂದು ಮುನಿರತ್ನಮ್ಮನಿಗೆ ಗೊತ್ತಿತ್ತು. ಆಮೇಲೆ ಕೆಲಸವೂ ಇಲ್ಲ, ಮುಖ ತೋರಿಸುವ ಹಾಗೂ ಇಲ್ಲ. ಅವಳು ಹೆಣದ ಕಾಲ ಬಳಿಯೇ ಕುಕ್ಕರಿಸಿ, ಉರಿಯನ್ನು ನೋಡುತ್ತ ಕೂತಳು.

ಅವ್ವನನ್ನು ಆಶ್ರಮಕ್ಕೆ ಸೇರಿಸಿದ್ದಕ್ಕೆ ಗಂಗಲಕ್ಷ್ಮಮ್ಮನನ್ನು ಊರು ಆಡಿಕೊಂಡಿತ್ತು. ಸೊಂಟದ ಮೂಳೆ ಮುರಿದವಳನ್ನು ಎತ್ತಿ ಇಳಿಸಲು ಆಡಿಕೊಂಡವರು ಯಾರೂ ಬಂದಿರಲಿಲ್ಲ, ಆ ಮಾತು ಬೇರೆ. ಬಿಡದಿಯ ಗಾರ್ಮೆಂಟ್ಸಿಗೆ ದಿನಾ ಕೆಲಸಕ್ಕೆ ಹೋಗುವವಳು ಆಶ್ರಮದ ಆಫೀಸಿನ ಗೋಡೆಯ ಮೇಲೆ ಗಾಜು ಹಾಕಿ ತೂಗುಬಿಟ್ಟಿದ್ದ ಸರ್ಟಿಫಿಕೇಟನ್ನು ಎರಡು ಸಲ ಓದಿ, ನಂಬಿ, ಸೇರಿಸಿದ್ದಳು.

*

ಹನ್ನೊಂದು ದಿನದ ಹಿಂದೆ, ಏಪ್ರಿಲ್ ಬಿಸಿಲಿನ ಒಂದು ಮಧ್ಯಾಹ್ನ, ಆಶ್ರಮದ ಮೋಟಾರು ಸುಟ್ಟುಹೋಗಿ ತಣ್ಣೀರಿನ ನಲ್ಲಿ ಒಣಗಿತ್ತು. ಸೋಲಾರ್ ನಲ್ಲಿಯಲ್ಲಿ ಮಾತ್ರ ಬಿಸಿನೀರು ಬರುತ್ತಿತ್ತು. ಸ್ನಾನ ಮಾಡಿಸಬೇಕಾದವರು ಹದಿನೆಂಟು ಮಂದಿ, ಆಯಾಗಳು ಇಬ್ಬರು.

ನೀರಿನ ಶಾಖ ಅಳೆಯುವ ಕಡ್ಡಿ ಆಶ್ರಮದಲ್ಲಿ ಇರಲಿಲ್ಲವೆಂದಲ್ಲ. ತಪಾಸಣೆಯವರು ಬಂದಾಗ ತೋರಿಸಲೆಂದು ತಂದದ್ದು, ಒಡೆದೀತು ಎಂಬ ಭಯಕ್ಕೆ ಕೃಷ್ಣಪ್ಪನ ಬೀರುವಿನಲ್ಲಿ ಭದ್ರವಾಗಿತ್ತು. ಕೈಗವಸು ಹಾಕದೆ ಯಾರನ್ನೂ ಮುಟ್ಟಬಾರದು ಎಂದೂ ತಪಾಸಣೆಯವರು ಬರೆದು ಹೋಗಿದ್ದರು. ತೆಳು ಕೈಗವಸು ತಿಂಗಳಲ್ಲೇ ಮುಗಿದು, ಪಾತ್ರೆ ತೊಳೆಯುವ ದಪ್ಪ ರಬ್ಬರಿನವು ಬಂದವು. ಅವನ್ನು ಹಾಕಿಕೊಂಡರೆ ಕೆಂಡವೂ ಒಂದೇ, ಮಂಜುಗಡ್ಡೆಯೂ ಒಂದೇ. ಅದಕ್ಕೇ ಮುನಿರತ್ನಮ್ಮ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು: ಯಾರಿಗೆ ಸ್ನಾನವೋ ಅವರೇ ಬಕೆಟ್ಟಿಗೆ ಕೈ ಅದ್ದಿ, ಸರಿ ಎಂದ ಮೇಲೇ ಹುಯ್ಯುವುದು. ಹಾಗೆ ಕೇಳಿಸಿಕೊಳ್ಳುವುದು ಮುದುಕಿಯರಿಗೂ ಇಷ್ಟವಾಗಿತ್ತು.

"ಅಜ್ಜಿ, ನೋಡೇಳಿ."

ಅಂಕಮ್ಮ ಮಣಿಕಟ್ಟಿನವರೆಗೂ ಕೈ ಮುಳುಗಿಸಿ, ಏನನ್ನೋ ಹುಡುಕುವಂತೆ ಬೆರಳಾಡಿಸಿದಳು. "ಬೆಚ್ಚಗೈತೆ, ಹುಯ್ಯವ್ವ. ರಾಮನಗರದಲ್ಲಿ ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿರೋಳು ನಾನು. ನೀರಿನ ಹದ ನಂಗೊತ್ತಿಲ್ವಾ?"

ಮುನಿರತ್ನಮ್ಮ ತೊಡೆಯ ಮೇಲೆ ಒಂದರ ಹಿಂದೊಂದು ಎರಡು ಮಗ್ಗು ಸುರಿದಳು. ಎರಡನೆಯದಕ್ಕೆ ಅಂಕಮ್ಮ ನಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಒರೆಸಲು ಹೋದರೆ ಟವೆಲ್ಲಿನ ಜೊತೆ ಚರ್ಮವೂ ಬಂತು.

ಆಸ್ಪತ್ರೆಗೆ ಒಯ್ದರೆ ಹೆಸರು ಕೆಡುತ್ತದೆಂದು ಕೃಷ್ಣಪ್ಪ ಮುಲಾಮು ತರಿಸಿದ. ಡಾಕ್ಟರು ನಾಲ್ಕನೆಯ ದಿನ ಬಂದರು. ಮಗಳಿಗೆ ಫೋನಿನಲ್ಲಿ ಜ್ವರ ಎಂದು ಹೇಳಲಾಯಿತು. ಭಾನುವಾರ ಅವಳು ನೋಡಲು ಬಂದಾಗ ಅಂಕಮ್ಮನೇ ದುಪ್ಪಟಿಯನ್ನು ಎದೆಯವರೆಗೂ ಎಳೆದುಕೊಂಡು, "ಒಸಿ ಚಳಿ ಕಣ್ಮಗ" ಎಂದಳು. ಮಗಳು ಹೋದ ಮೇಲೆ ಮುನಿರತ್ನಮ್ಮನ ಕಡೆ ತಿರುಗಿ, "ಅಳ್ಬ್ಯಾಡ. ಸರಿಗೈತೆ ಅಂದೋಳು ನಾನೇ ಅಲ್ವಾ? ನಿನ್ ಕೆಲ್ಸ ಯಾಕೆ ಹೋಗ್ಬೇಕು" ಎಂದಳು.

ಮುನಿರತ್ನಮ್ಮ ಈ ಮಾತಿಗೆ ಜೋತುಬಿದ್ದು ಅಷ್ಟೂ ದಿನ ಉಸಿರಾಡಿದ್ದಳು. ಹೌದಲ್ಲ, ಅಜ್ಜಿಯೇ ಸರಿ ಎಂದಿತ್ತು. ವಯಸ್ಸಾಯಿತು, ಅರುಳುಮರುಳು. ತಾನು ಕೇಳಿಯೇ ಹುಯ್ದಿದ್ದೆನಲ್ಲ.

*

ಹಂಡೆ ಗುಂಯ್‌ಗುಡತೊಡಗಿದಾಗ ರಾಮನಗರದಿಂದ ತಾಹೇರಾ ಬಂದಳು. ಅಂಕಮ್ಮನ ಪಕ್ಕದಲ್ಲೇ ಕೂತು ಅಷ್ಟೂ ವರ್ಷ ನೂಲು ಬಿಚ್ಚಿದವಳು. ಹೆಣದ ತಲೆಯ ಬಳಿ ಕೂತು, ಬಟ್ಟೆಯ ಮೇಲಿಂದಲೇ ಹಣೆ ಸವರಿ, "ನಂಗೆ ಹೇಳ್ದೆ ಹೊಂಟ್ಬುಟ್ಟೆಯಲ್ಲ ಅಂಕಿ" ಎಂದು ಅತ್ತಳು.

ಗಂಗಲಕ್ಷ್ಮಮ್ಮ ಹಂಡೆಯ ನೀರನ್ನು ಬಕೆಟ್ಟಿಗೆ ತೋಡಿ ತಂದಿಟ್ಟಳು. "ಚಿಕ್ಕವ್ವ, ಕೈಯಿಟ್ಟು ನೋಡು. ಹದವಾಗೈತಾ?"

ತಾಹೇರಾ ಕಣ್ಣೊರೆಸಿಕೊಂಡು ತನ್ನ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಬೆಳ್ಳಗೆ, ಗಟ್ಟಿಯಾಗಿ, ಗೆರೆಯೇ ಇಲ್ಲದ ಅಂಗೈಗಳು.

"ನನ್ನ ಕೇಳ್ತೀಯಾ ಮಗಾ? ಕುದಿಯೋ ನೀರಲ್ಲಿ ರೇಷ್ಮೆ ಗೂಡಿನ ಎಳೆ ಹುಡುಕಿ ಹುಡುಕಿ ಸತ್ತೋಗಿರೋ ಕೈ ಇದು. ರೇಶನ್ ಅಂಗ್ಡೀಲಿ ಹೆಬ್ಬೆಟ್ಟೂ ಹತ್ತಲ್ಲ. ನಿಮ್ಮವ್ವಂದೂ ಹಿಂಗೇ ಇತ್ತು. ನಮ್ಗೆ ಎಲ್ಲಾ ನೀರೂ ಬೆಚ್ಚಗೇ. ನಮ್ಮ ಕೈಯ ಯಾರಾದ್ರೂ ನಂಬ್ತಾರಾ?"

ಮುನಿರತ್ನಮ್ಮ ಆ ಅಂಗೈಗಳನ್ನೇ ನೋಡಿದಳು. ಹೆಬ್ಬೆಟ್ಟು ಹತ್ತುವುದಿಲ್ಲ ಎಂದು ಅಂಕಮ್ಮ ಅವಳಿಗೂ ಹೇಳಿದ್ದಳು, ಇಬ್ಬರೂ ಸೇರಿ ನಕ್ಕಿದ್ದರು. ದಿನಾ ಹಿಡಿದು ಎಬ್ಬಿಸಿದ ಕೈ, ವಾರವಾರ ಉಗುರು ಕತ್ತರಿಸಿದ ಕೈ. ಅರುಳುಮರುಳು ಅಜ್ಜಿಗಲ್ಲ, ತನಗೆ.

"ನಾನು ನಂಬ್ದೆ," ಎಂದಳು.

ಅಂಗಳದಲ್ಲಿ ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಜ್ವರ ಅಲ್ಲ ಅಕ್ಕ. ನಾನೇ ಸುಡೋ ನೀರು ಹುಯ್ದೆ. ರಬ್ಬರ್ ಗವುಸು ಹಾಕಿದ್ದೆ, ನನ್ನ ಕೈಗೆ ಗೊತ್ತಾಗ್ಲಿಲ್ಲ. ಅಜ್ಜಿ ಕೈಯ ಕೇಳ್ದೆ. ಹನ್ನೊಂದು ದಿನ ಮುಚ್ಚಿಟ್ವಿ. ಇವತ್ತೂ ಮುಚ್ಚಾಕಕ್ಕೇ ನನ್ನ ಕಳಿಸವ್ರೆ."

ಗಂಗಲಕ್ಷ್ಮಮ್ಮ ಕೂಗಾಡಲಿಲ್ಲ. ಗಂಟು ಬಿಚ್ಚಿ, ಬ್ಯಾಂಡೇಜು ಸರಿಸಿ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಸೆರಗಿನಿಂದ ಮೊಬೈಲು ತೆಗೆದು, ನಾಲ್ಕು ಫೋಟೋ ತೆಗೆದಳು.

"ಇದನ್ನೇ ಪೊಲೀಸ್ ಟೇಸನ್ನಲ್ಲೂ ಹೇಳ್ತೀಯಾ?"

"ಹೇಳ್ತೀನಿ."

"ನಿನ್ನ ಕೆಲ್ಸ?"

"ಅಜ್ಜೀನೂ ಅದ್ನೇ ಕೇಳ್ತು ಅಕ್ಕ."

ಗಂಗಲಕ್ಷ್ಮಮ್ಮ ಮುಖ ಮುಚ್ಚಿಕೊಂಡು ಬಿಕ್ಕಿದಳು. ತಾಹೇರಾ ಅವಳ ಬೆನ್ನ ಮೇಲೆ ತನ್ನ ಬಿಳುಚಿದ ಕೈ ಇಟ್ಟಳು. ಬಹಳ ಹೊತ್ತಿನ ಮೇಲೆ ಗಂಗಲಕ್ಷ್ಮಮ್ಮ ಮೂಗೊರೆಸಿಕೊಂಡು, ಬಕೆಟ್ಟನ್ನು ಮುನಿರತ್ನಮ್ಮನ ಮುಂದಕ್ಕೆ ತಳ್ಳಿದಳು.

"ಅವತ್ತು ನೋಡ್ದೆ ಹುಯ್ದೆ. ಇವತ್ತು ನೋಡಿಕೊಡು. ನಾನು ಹುಯ್ತೀನಿ."

ಮುನಿರತ್ನಮ್ಮ ಬಳೆ ಮೇಲೆ ಸರಿಸಿ, ಮೊಣಕೈ ಅದ್ದಿದಳು. ಒಂದು ಚೊಂಬು ತಣ್ಣೀರು ಬೆರೆಸಿದಳು. ಮತ್ತೆ ಅದ್ದಿದಳು. ಗುಂಡಿ ಆಯಿತೆಂದು ಹೊಲದ ಕಡೆಯಿಂದ ಯಾರೋ ಕೂಗಿ ಹೇಳಿದರು. ಗಂಗಲಕ್ಷ್ಮಮ್ಮ ಚೊಂಬು ಹಿಡಿದು ಕಾಯುತ್ತಿದ್ದಳು. ಬಕೆಟ್ಟಿನಲ್ಲಿ ಈಗ ಹಬೆಯೂ ಇರಲಿಲ್ಲ.

"ಇನ್ನೊಂಚೂರು ತಡೀರಿ ಅಕ್ಕ," ಎಂದು ಮುನಿರತ್ನಮ್ಮ ಇನ್ನೊಂದು ಚೊಂಬು ತಣ್ಣೀರು ಬೆರೆಸಿ, ಮತ್ತೆ ಮೊಣಕೈ ಅದ್ದಿದಳು.